ಗುಡ್ಡ ಇಲ್ಲದ ಊರಲ್ಲಿ ವ್ಯೂ ಪಾಯಿಂಟ್ ಎಲ್ಲಿ?

ಭಾಗ 1

ಬೆಂಗಳೂರಿನ ಒಬ್ಬ ಫಾಲೋವರ್ ಮೊನ್ನೆ ಮೆಸೇಜ್ ಹಾಕಿದ್ದರು. "ಎರಡು ದಿನ ಕಲಬುರಗಿಗೆ ಬರ್ತಿದ್ದೀವಿ. ಊರೆಲ್ಲ ಕಾಣೋ ಹಾಗೆ ಒಳ್ಳೆ ವ್ಯೂ ಪಾಯಿಂಟ್ ಯಾವುದಿದೆ ಹೇಳಿ."

ಹಾಸ್ಟೆಲ್ ರೂಮಿನಲ್ಲಿ ಜೋರಾಗಿ ಓದಿದೆ. ನಾಲ್ಕೂ ಜನ ನಕ್ಕೆವು. ಒಬ್ಬಳು ಆಳಂದ ಕಡೆಯವಳು, ಇಬ್ಬರು ಜೇವರ್ಗಿ ಕಡೆಯವರು, ನಾನು ಅಫಜಲಪುರ ತಾಲೂಕಿನವಳು. ಮೂರೂ ರೋಡಿನಿಂದ ಬಸ್ಸಿನಲ್ಲಿ ಬರುವವರಿಗೆ ಗೊತ್ತು, ಕಿಟಕಿಯಲ್ಲಿ ಏನು ಕಾಣ್ತದ ಅಂತ. ಎರಿ ಹೊಲ. ತೊಗರಿ, ಜೋಳ, ಹತ್ತಿ, ಮತ್ತೆ ತೊಗರಿ. ಇಲ್ಲಿ ನಂದಿ ಬೆಟ್ಟ ಇಲ್ಲ, ಚಾಮುಂಡಿ ಬೆಟ್ಟನೂ ಇಲ್ಲ. ಗುಡ್ಡ ಎಲ್ಲಿಂದ ತರೋದು ರೀ?

ನಗು ನಿಂತ ಮೇಲೆ ಮಾತ್ರ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಗುಡ್ಡ ಇರುವ ಊರಲ್ಲಿ ಎತ್ತರ ಪುಕ್ಕಟೆ ಸಿಗುತ್ತದೆ. ನಮ್ಮಂಥ ಸಪಾಟು ಊರಲ್ಲಿ ಎತ್ತರ ಬೇಕಂದರೆ ಯಾರೋ ಕಲ್ಲು ಹೊತ್ತು ಕಟ್ಟಬೇಕು. ಯಾರು ಕಟ್ಟಿದರು, ಯಾಕೆ ಕಟ್ಟಿದರು, ಖರ್ಚು ಯಾವ ಖಾತೆಗೆ ಬಿತ್ತು? (ಬಿಕಾಂ ಬುದ್ಧಿ, ಕ್ಷಮಿಸಿ.)

ಅದಕ್ಕೇ ಈ ಸರಣಿ. ದೀಪಾವಳಿಗೆ ಊರಿಗೆ ಬಂದಿದ್ದ ನಮ್ಮ ಕಾಕಾನನ್ನು ಕರಕೊಂಡು ಒಂದು ದಿನ ಪೂರ್ತಿ ಸುತ್ತಿದೆ. ನೀವೂ ಇದೇ ದಾರಿ ಹಿಡಿಯಬಹುದು. ಬೆಳಿಗ್ಗೆ ಊರಿನ ಪೂರ್ವದಲ್ಲಿ ಶುರು ಮಾಡಿ ಪಶ್ಚಿಮದ ಕಡೆ ಬನ್ನಿ. ಹಾಗೆ ಬಂದರೆ ಹೆಚ್ಚುಕಮ್ಮಿ ಇತಿಹಾಸದಲ್ಲೂ ಹಿಂದಕ್ಕೆ ಹೋಗ್ತೀರಿ: 2009ರಿಂದ 1367ರವರೆಗೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮೂರ ಎತ್ತರಗಳಲ್ಲಿ ಎರಡು ಥರ. ಒಂದು, ಮೇಲೆ ನಿಂತು ನೋಡೋಕೆ ಕಟ್ಟಿದ್ದು. ಇನ್ನೊಂದು, ಕೆಳಗಿನವರಿಗೆ ಕಾಣಲಿ ಅಂತ ಕಟ್ಟಿದ್ದು. ಎರಡನೇದೇ ಜಾಸ್ತಿ. ನೀವು ಕೇಳಿದ್ದು ಮೊದಲನೇದು.

ಭಾಗ 2

ಕಾಕಾನ ಬಗ್ಗೆ ಹೇಳಲೇಬೇಕು. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ. ನಮ್ಮ ಮೂರೂ ತಾಲೂಕಿನಿಂದ ಎಷ್ಟು ಮಂದಿ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರ್ತಾರೆ. ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ನೂರಾರು ಸಲ ಬಸ್ ಬದಲಿಸಿದ್ದಾನೆ. ಕೋಟೆ ಒಳಗೆ ಮಾತ್ರ ಒಮ್ಮೆಯೂ ಕಾಲಿಟ್ಟಿಲ್ಲ.

ಮೊದಲು ಹೋಗಿದ್ದು ಬುದ್ಧ ವಿಹಾರಕ್ಕೆ. ಸೇಡಂ ರೋಡಿನಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದ ಹತ್ತಿರ, ಸ್ವಲ್ಪ ಏರಿನ ಜಾಗ. ಮಲ್ಲಿಕಾರ್ಜುನ ಖರ್ಗೆಯವರ ಮುಂದಾಳತ್ವದಲ್ಲಿ ಕಟ್ಟಿದ್ದು. 2009ರ ಜನವರಿ 7ರಂದು ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಉದ್ಘಾಟಿಸಿದರು. ಬೆಳಿಗ್ಗೆ ಬೇಗ ಹೋದರೆ ಬಿಳಿ ಗುಮ್ಮಟದ ಮೇಲೆ ಬಿಸಿಲು ಇನ್ನೂ ಮೆತ್ತಗಿರುತ್ತದೆ. ಫೋಟೊ ಆಗ ತೆಗೀರಿ. ಹತ್ತರ ಮೇಲೆ ಹೋದರೆ ಬರಿಗಾಲಲ್ಲಿ ಫರ್ಶಿ ಮೇಲೆ ಕುಣೀಬೇಕಾಗ್ತದ.

ನಾಗಪುರದ ದೀಕ್ಷಾಭೂಮಿ ನೋಡಿದವರಿಗೆ ಈ ಗುಮ್ಮಟ ನೋಡಿದ ಕೂಡಲೇ ಅದು ನೆನಪಾಗುತ್ತದೆ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ಜಾಗ ಅದು. ಆದರೆ ನಮ್ಮ ಭೀಮಾ ತೀರದಲ್ಲಿ ಬುದ್ಧ ಹೊಸಬನೇನಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯಲ್ಲಿ, ದೇವಿಯ ಪೀಠವಾಗಿ ಕೂರಿಸಿದ್ದ ಕಲ್ಲು ಅಶೋಕನ ಶಾಸನ ಅಂತ 1986ರಲ್ಲಿ ಗೊತ್ತಾಯಿತು. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಒಂದು ದೊಡ್ಡ ಸ್ತೂಪವೇ ಸಿಕ್ಕಿತು. ಜೊತೆಗೆ ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸಿಕ್ಕಿತು. ಎರಡು ಸಾವಿರ ವರ್ಷದ ಹಿಂದೆ ಈ ಬಯಲಲ್ಲಿ ದೂರದಿಂದಲೇ ಕಾಣುತ್ತಿದ್ದ ಎತ್ತರ ಅದು. ಅಲ್ಲಿನ ಶಾಸನಗಳಲ್ಲಿ ಅದರ ಹೆಸರೇನು ಗೊತ್ತಾ? ಅಧೋಲೋಕ ಮಹಾಚೈತ್ಯ. ಅಷ್ಟು ಎತ್ತರಕ್ಕೆ ಕಟ್ಟಿ, ಕೆಳಗಿನ ಲೋಕದ ಚೈತ್ಯ ಅಂತ ಕರೆದರು.

ಸನ್ನತಿಗೆ ಒಂದು ದಿನ ಬೇರೆಯೇ ಬೇಕು. ಈ ಸುತ್ತಿನಲ್ಲಿ ಸೇರಿಸಬೇಡಿ.

ಕಾಕಾ ವಿಹಾರದ ಗುಮ್ಮಟವನ್ನು ಒಳಗಿನಿಂದ ಬಹಳ ಹೊತ್ತು ನೋಡಿದ. "ಈ ಗೋಲದ ಸೆಂಟ್ರಿಂಗ್ ಹೊಡೆಯೋದು ಸೋಪಾ ಅಲ್ಲವ್ವಾ" ಅಂದ. ಅಷ್ಟೇ.

ಭಾಗ 3

ಶರಣಬಸವೇಶ್ವರ ಗುಡಿ. ಜೇವರ್ಗಿಯವರೇ, ಇದು ನಿಮ್ಮ ಭಾಗ.

ಶರಣಬಸವೇಶ್ವರರು (1746–1822) ಜೇವರ್ಗಿ ತಾಲೂಕಿನ ಅರಳಗುಂಡಗಿಯವರು. ಹೊಲ ಮಾಡಿಕೊಂಡಿದ್ದ ಮನುಷ್ಯ, ಬಂದವರಿಗೆಲ್ಲ ಅನ್ನ ಹಾಕಿ ದಾಸೋಹದ ಹೆಸರಾದರು. ಇಲ್ಲಿನ ಶಿಖರ ಮೇಲೆ ಹತ್ತಿ ನೋಡೋದಕ್ಕಲ್ಲ. ಹಸಿದವನಿಗೆ ದೂರದಿಂದಲೇ ದಾರಿ ಗೊತ್ತಾಗಲಿ ಅನ್ನೋದಕ್ಕೆ ಅಂತ ನನಗೆ ಅನಿಸುತ್ತದೆ. ಇದು ನನ್ನ ಅನಿಸಿಕೆ, ಪುಸ್ತಕದ್ದಲ್ಲ.

ಹೋಳಿ ಆಗಿ ಐದನೇ ದಿನ ತೇರು. ಆ ದಿನ ಬಂದರೆ ಊರಿನ ಅತಿ ಎತ್ತರದ ವಸ್ತು ತಾನೇ ನಡೆದುಕೊಂಡು ನಿಮ್ಮ ಕಡೆ ಬರುತ್ತದೆ, ನೀವು ಉತ್ತತ್ತಿ ಎಸೀರಿ ಸಾಕು. ಬೇರೆ ದಿನ ಬಂದವರು ಪಕ್ಕದ ಅಪ್ಪನ ಕೆರೆ ದಂಡೆಯಲ್ಲಿ ಕೂತು ಸೂಸಲಾ ಮಿರ್ಚಿ ತಿನ್ನಿ. ಬೆಂಗಳೂರಿನವರಿಗೆ ಸೂಸಲಾ ಅಂದರೆ ಏನು ಅಂತ ವಿವರಿಸೋದು ಕಷ್ಟ. ನೆನೆಸಿದ ಮಂಡಕ್ಕಿ ಒಗ್ಗರಣೆ ಅಂದರೆ ಅರ್ಧ ಅರ್ಥ ಆಗ್ತದ, ಇನ್ನರ್ಧ ತಿಂದ ಮೇಲೆ.

ಭಾಗ 4

ಈಗ ಸ್ವಲ್ಪ ನಿಧಾನಕ್ಕೆ ಓದಿ. ನನ್ನ ಪ್ರಕಾರ ಈ ಊರಿನ ನಿಜವಾದ ಕಥೆ ಇಲ್ಲಿದೆ.

ಖ್ವಾಜಾ ಬಂದೇನವಾಜ್ ದರ್ಗಾ ನಿಮಗೆಲ್ಲ ಗೊತ್ತು. ಅಲ್ಲಿಂದ ಪಶ್ಚಿಮಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಹಫ್ತ್ ಗುಂಬಜ್, ಅಂದರೆ ಏಳು ಗುಮ್ಮಟ, ಬಹಮನಿ ಸುಲ್ತಾನರ ಗೋರಿಗಳು. ದರ್ಗಾದಲ್ಲಿ ಕಾಲಿಡೋಕೆ ಜಾಗ ಇಲ್ಲ. ಗುಂಬಜ್‌ನಲ್ಲಿ ಪಾರಿವಾಳ ಮತ್ತು ಸ್ಟೇಟಸ್ಸಿಗೆ ಫೋಟೊ ತೆಗೆಯೋ ನಾವು. ಈ ಎರಡು ಜಾಗಗಳ ನಡುವೆ 1422ನೇ ಇಸವಿ ನಿಂತಿದೆ.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ದೆಹಲಿಯಿಂದ ಬೇರೆಯಾಗಿ ರಾಜ್ಯ ಕಟ್ಟಿದ. ಕಲಬುರಗಿ ಅದರ ರಾಜಧಾನಿ. ದಖನ್ನಿನಲ್ಲಿ ಇಷ್ಟು ದೊಡ್ಡ ದರಬಾರು ನಮ್ಮ ಈ ಬಿಸಿಲಲ್ಲಿ ಕೂತಿತ್ತು. 1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಶಾಹ ಓದಿದವನು, ಆಕಾಶದ ಹುಚ್ಚಿನವನು. 1407ರಲ್ಲಿ ದೌಲತಾಬಾದ್ ಹತ್ತಿರದ ಘಾಟಿನಲ್ಲಿ ನಕ್ಷತ್ರ ನೋಡಲು ವೇಧಶಾಲೆ ಕಟ್ಟಿಸಲು ಶುರು ಮಾಡಿದ, ಅದನ್ನು ನೋಡಿಕೊಳ್ಳುತ್ತಿದ್ದ ವಿದ್ವಾಂಸ ತೀರಿಕೊಂಡ ಮೇಲೆ ಕೆಲಸ ಅಲ್ಲಿಗೇ ನಿಂತಿತು ಅಂತ ಬಿಜಾಪುರದ ಆದಿಲ್‌ಶಾಹಿ ದರಬಾರಿನಲ್ಲಿದ್ದ ಫಿರಿಶ್ತಾ ಬರೆದಿದ್ದಾನೆ. ನೋಡೋಕೆ ಅಂತಲೇ ಕಟ್ಟಹೊರಟ ಎತ್ತರ ಅದು. ಮುಗಿಯಲೇ ಇಲ್ಲ.

ಅದೇ ಕಾಲಕ್ಕೆ ಇನ್ನೊಬ್ಬರು ಇಲ್ಲಿಗೆ ಬಂದರು. ಸೈಯದ್ ಮುಹಮ್ಮದ್ ಹುಸೇನಿ, ನಾವು ಬಂದೇನವಾಜ್ ಗೇಸುದರಾಜ್ ಅಂತ ಕರೆಯುವವರು. ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ಊರು ಬಿಟ್ಟರು. ಕಲಬುರಗಿಗೆ ಬರುವಾಗ ಎಂಬತ್ತರ ಆಸುಪಾಸಿನ ಮುದುಕರು. ಸುಲ್ತಾನ ಗೌರವದಿಂದ ಬರಮಾಡಿಕೊಂಡ, ಕೋಟೆ ಹತ್ತಿರ ಜಾಗ ಕೊಟ್ಟ.

ಆಮೇಲೆ ಬಿಗಡಾಯಿಸಿತು. ಗುರುಗಳ ಹತ್ತಿರ ಸೇರುವ ಮಂದಿ ದಿನದಿನಕ್ಕೆ ಹೆಚ್ಚಾದರು. ಇಷ್ಟು ಗದ್ದಲ ಕೋಟೆ ಪಕ್ಕ ಬೇಡ ಅಂತ ಹೇಳಿ ಅವರನ್ನು ದೂರ ಕಳಿಸಲಾಯಿತು. ತನ್ನ ಮಗನನ್ನು ಮುಂದಿನ ಸುಲ್ತಾನ ಅಂತ ಹರಸಲು ಫಿರೋಜ್ ಕೇಳಿದಾಗ ಅವರು ಒಪ್ಪಲಿಲ್ಲ ಅಂತಲೂ ಫಿರಿಶ್ತಾ ಹೇಳುತ್ತಾನೆ. ಅವರ ಒಲವು ಸುಲ್ತಾನನ ತಮ್ಮ ಅಹ್ಮದನ ಕಡೆ.

1422ರಲ್ಲಿ ಅಹ್ಮದ್ ಅಣ್ಣನನ್ನು ಇಳಿಸಿ ಪಟ್ಟಕ್ಕೆ ಬಂದ. ಸ್ವಲ್ಪ ದಿನಕ್ಕೇ ಫಿರೋಜ್ ಸತ್ತ. ಅದೇ ವರ್ಷ ನವೆಂಬರ್ 1ಕ್ಕೆ ಬಂದೇನವಾಜರೂ ತೀರಿಕೊಂಡರು, ನೂರು ದಾಟಿದ ವಯಸ್ಸಿನಲ್ಲಿ. ಕೆಲವೇ ವರ್ಷಗಳಲ್ಲಿ ಅಹ್ಮದ್ ಶಾಹ ರಾಜಧಾನಿಯನ್ನೇ ಬೀದರಿಗೆ ಒಯ್ದ.

ಈಗ ಫೋಟೊ ನೋಡಿ. ಮೊದಲನೇದು ಫಿರೋಜನ ಗೋರಿ. ಏಳರಲ್ಲಿ ದೊಡ್ಡದು, ಜೋಡಿ ಗುಮ್ಮಟ, ಹೊರಗೆ ಎರಡು ಅಂತಸ್ತಿನ ಕಮಾನು. ಕಾಣಿಸಬೇಕು ಅಂತಲೇ ಕಟ್ಟಿದ್ದು, ಇವತ್ತಿಗೂ ಚೆನ್ನಾಗಿ ಕಾಣುತ್ತದೆ. ಎರಡನೇದು ದರ್ಗಾದ ಗುಮ್ಮಟ. ಒಂದನ್ನು ನೋಡೋಕೆ ಟೂರಿಸ್ಟ್ ಬರ್ತಾರೆ. ಇನ್ನೊಂದಕ್ಕೆ ನಮ್ಮ ಅಜ್ಜಿ ಬರ್ತಾಳೆ, ಕುಂಕುಮ ಹಚ್ಚಿಕೊಂಡೇ, ಮಕ್ಕಳ ಹರಕೆ ತೀರಿಸೋಕೆ. ಕೋಟೆ ಪಕ್ಕ ಗದ್ದಲ ಬೇಡ ಅಂದರಲ್ಲ, ಆರು ನೂರು ವರ್ಷ ಆದರೂ ಆ ಗದ್ದಲ ನಿಂತಿಲ್ಲ. ಉರುಸಿನ ದಿನ ಬಂದು ನೋಡ್ರಿ.

(1422ಕ್ಕೆ ಬಂದೇನವಾಜರು, 1822ಕ್ಕೆ ಶರಣಬಸಪ್ಪ. ನಡುವೆ ಸರಿಯಾಗಿ ನಾನೂರು ವರ್ಷ. ಏನೂ ಅರ್ಥ ಹುಡುಕಬೇಡಿ, ಲೆಕ್ಕದ ಹುಡುಗಿ ಕಣ್ಣಿಗೆ ಬಿತ್ತು, ಹೇಳಿದೆ.)

ಕಾಕಾ ಫಿರೋಜನ ಗೋರಿಯ ಗೋಡೆಗೆ ಕೈ ಇಟ್ಟು ಗಾರೆ ಉಜ್ಜಿ ನೋಡಿದ. "ಕಟ್ಟಿದ ಮೇಸ್ತ್ರಿ ಹೆಸರು ಎಲ್ಲರೇ ಬರದಾರೇನು?" ಅಂತ ಕೇಳಿದ. ಇಲ್ಲ ಕಾಕಾ, ಮಲಗಿದವರ ಹೆಸರಷ್ಟೇ ಅಂದೆ.

ಭಾಗ 5

ಗೋಳಗುಮ್ಮಟಕ್ಕೆ ಟ್ರಿಪ್ ಹೋಗಿ ಬಂದವರು ನಮ್ಮೂರ ಗುಮ್ಮಟ ನೋಡಿ "ಇಷ್ಟೇನಾ?" ಅಂತಾರೆ. ಹಾಗನ್ನಬೇಡ್ರಪ್ಪ. ಗೋಳಗುಮ್ಮಟದ ಒಡೆಯ ಮುಹಮ್ಮದ್ ಆದಿಲ್ ಶಾಹ ಸತ್ತಿದ್ದು 1656ರಲ್ಲಿ. ನಮ್ಮವು ಅದಕ್ಕಿಂತ ಇನ್ನೂರು ಮುನ್ನೂರು ವರ್ಷ ಹಳೆಯವು. ಮೊಮ್ಮಗ ಎತ್ತರ ಬೆಳೆದ ಅಂತ ಅಜ್ಜನನ್ನು ಕುಳ್ಳ ಅನ್ನಬಾರದು.

ಜೇವರ್ಗಿಯವರಿಗೆ ಇನ್ನೊಂದು ಕೆಲಸ ಹೇಳ್ತೀನಿ. ಬಸ್ಸು ಕಟ್ಟಿಸಂಗಾವಿ ಹತ್ತಿರ ಭೀಮಾ ದಾಟುವಾಗ ಮೊಬೈಲಿಂದ ತಲೆ ಎತ್ತಿ. ಆ ಕಡೆ ನದಿ ದಂಡೆಯಲ್ಲೇ ಫಿರೋಜಾಬಾದ್ ಇದೆ. 1400ರ ಸುಮಾರಿಗೆ ಇದೇ ಫಿರೋಜ್ ಕಟ್ಟಿಸಿದ ಅರಮನೆ ಊರು. ಮೂರು ಕಡೆ ಕೋಟೆ ಗೋಡೆ, ನಾಲ್ಕನೇ ಕಡೆ ಭೀಮಾ. ಮಸೀದಿಯ ದೊಡ್ಡ ಅಂಗಳ, ಸ್ನಾನದ ಹಮಾಮು, ಕಮಾನುಗಳು. ರಾಜ ಹೋದ ಮೇಲೆ ಊರೂ ಹೋಯಿತು. ಈಗ ಗೋಡೆ ಒಳಗೆ ಹೊಲ. ಜಾರ್ಜ್ ಮಿಚೆಲ್, ರಿಚರ್ಡ್ ಈಟನ್ ಅನ್ನೋ ವಿದ್ವಾಂಸರು ಆ ಪಾಳು ಊರನ್ನು ಅಳೆದು, ನಕ್ಷೆ ಹಾಕಿ, 1992ರಲ್ಲಿ ಅದರ ಮೇಲೆ ಒಂದು ಇಡೀ ಪುಸ್ತಕ ತಂದರು. ನನ್ನ ಜೇವರ್ಗಿ ರೂಮ್‌ಮೇಟ್‌ಗಳು ಮೂರು ವರ್ಷದಿಂದ ಅದರ ಮುಂದೆಯೇ ಓಡಾಡ್ತಾರೆ. ಇಬ್ಬರೂ ಇಳಿದಿಲ್ಲ. (ಟ್ಯಾಗ್ ಮಾಡಿದ್ದೀನಿ. ಬೈದರೂ ಪರವಾಗಿಲ್ಲ.)

ಚೋರ್ ಗುಂಬಜ್ ಬಗ್ಗೆ ಚಿಕ್ಕದಾಗಿ. ಊರಿನ ಪಶ್ಚಿಮಕ್ಕೆ ಒಂದು ದಿನ್ನೆ ಮೇಲೆ ಒಂಟಿಯಾಗಿ ನಿಂತಿದೆ. ನಾಲ್ಕು ಮೂಲೆಗೂ ಗುಮ್ಮಟದ ಮರಿಗಳಂತೆ ಪುಟ್ಟ ಗೋಪುರ. ಕಳ್ಳರು ಇಲ್ಲಿ ಮಾಲು ಬಚ್ಚಿಡುತ್ತಿದ್ದರು, ಅದಕ್ಕೇ ಈ ಹೆಸರು ಅಂತ ಮಂದಿ ಹೇಳ್ತಾರೆ. ಕಳ್ಳನಿಗೆ ಎತ್ತರದ ಜಾಗ ಯಾಕೆ ಬೇಕು ಅಂತ ಕಾಕಾನನ್ನು ಕೇಳಿದೆ. "ಯಾರು ಬರ್ಲಕತ್ತಾರ ಅಂತ ಮೊದಲ ಕಾಣಬೇಕಲ್ಲವ್ವಾ" ಅಂದ. ಸರಿನೇ. ಒಬ್ಬರೇ ಹೋಗಬೇಡಿ, ಬೆಳಕಿರುವಾಗ ಹೋಗಿ ಬನ್ನಿ.

ಭಾಗ 6

ಕಡೆಗೆ ಕೋಟೆ. ಮಧ್ಯಾಹ್ನ ಬೇಡ್ರಿ. ಬೇಸಿಗೆಯಲ್ಲಿ 42, 43 ಡಿಗ್ರಿ ನಮಗೆ ಮಾಮೂಲಿ, ಕಲ್ಲು ಅದಕ್ಕಿಂತ ಜಾಸ್ತಿ ಕಾಯುತ್ತದೆ. ನಾಲ್ಕೂವರೆಗೆ ಒಳಗೆ ಹೋಗಿ, ಸೂರ್ಯ ಮುಳುಗೋ ಮೊದಲು ಕೆಳಗೆ ಇಳೀರಿ.

ಸುತ್ತ ಕಂದಕ, ಜೋಡಿ ಗೋಡೆ. ಒಳಗೆ ಇವತ್ತಿಗೂ ಸಂಸಾರಗಳಿವೆ. ಬಟ್ಟೆ ಒಣಗ್ತಿರುತ್ತವೆ, ಮಕ್ಕಳು ಕ್ರಿಕೆಟ್ ಆಡ್ತಿರುತ್ತಾರೆ. ಅವರನ್ನು ಎಬ್ಬಿಸುವ ಮಾತು ವರ್ಷಗಳಿಂದ ನಡೆದಿದೆ. ಫೋಟೊ ತೆಗೆಯುವಾಗ ಅವರ ಅಂಗಳ ಅವರದು ಅಂತ ನೆನಪಿರಲಿ.

ಮೊದಲು ಮಸೀದಿಗೆ ಹೋಗಿ. 1367ರ ಜಾಮಿ ಮಸೀದಿ. 216 ಅಡಿ ಉದ್ದ, 176 ಅಡಿ ಅಗಲ. ಗುಣಿಸಿದರೆ 38,016 ಚದರ ಅಡಿ, ಇಷ್ಟಕ್ಕೂ ಮೇಲೆ ಚಾವಣಿ. ಮಸೀದಿ ಅಂದರೆ ನಡುವೆ ತೆರೆದ ಅಂಗಳ ಇರಬೇಕು, ಇಲ್ಲಿ ಇಲ್ಲ. ಭಾರತದಲ್ಲಿ ಇಂಥದ್ದು ಬಹಳ ಅಪರೂಪ. ಸ್ಪೇನಿನ ಕಾರ್ಡೋಬಾ ಮಸೀದಿ ಥರ ಅಂತ ಎಲ್ಲ ಗೈಡೂ ಹೇಳ್ತಾರೆ. ನನಗೆ ಆ ಹೋಲಿಕೆ ಸಾಕಾಗಿದೆ. ನಮ್ಮ ಬಿಸಿಲನ್ನು ಒಂದು ದಿನ ತಿಂದವನಿಗೆ ಅಂಗಳ ಮುಚ್ಚಿದ್ದಕ್ಕೆ ಸ್ಪೇನಿನ ತನಕ ಹೋಗಿ ಕಾರಣ ಹುಡುಕೋ ಅಗತ್ಯ ಕಾಣೋದಿಲ್ಲ. ಒಳಗೆ ಅಗಲ ಕಮಾನುಗಳ ಸಾಲು, ತಂಪು ನೆರಳು. ಹೊರಗಿನ ಸದ್ದು ಬಾಗಿಲಲ್ಲೇ ನಿಲ್ಲುತ್ತದೆ.

ಮತ್ತೆ ಇಲ್ಲಿ ಕಾಕಾನ ಪ್ರಶ್ನೆಗೆ ಉತ್ತರ ಇತ್ತು. ಈ ಮಸೀದಿಯ ಶಾಸನದಲ್ಲಿ ಒಂದು ಹೆಸರಿದೆ: ರಫಿ, ಇರಾನಿನ ಕಜ್ವಿನ್ ಊರಿನವನು. ಅವನೇ ಇದರ ಶಿಲ್ಪಿ ಅಂತ ಪುಸ್ತಕಗಳು ಹೇಳುತ್ತವೆ. ಕಾಕಾನಿಗೆ ಹೇಳಿದೆ. "ಇರಾನದಿಂದ? ಕೆಲಸಕ್ಕ ಬಂದಿದ್ನಾ?" ಅಂದ. ಹೌದು ಕಾಕಾ, ನಿಮ್ಮಂಗೇ ಅಂದೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಊರಿಗೆ ಹಣ ಹೆಂಗ ಕಳಸ್ತಿದ್ದ?" ಅಂತ ಕೇಳಿದ. ಎರಡನೇ ಸೆಮಿಸ್ಟರಿನಲ್ಲಿ ಬ್ಯಾಂಕಿಂಗ್ ಓದಿದ್ದೀನಿ. ಉತ್ತರ ಗೊತ್ತಾಗಲಿಲ್ಲ.

ಭಾಗ 7

ಬಾಲಾ ಹಿಸಾರ್. ಬೆಂಗಳೂರಿನವರೇ, ಇದೋ ನಿಮ್ಮ ವ್ಯೂ ಪಾಯಿಂಟ್.

ಕೋಟೆ ನಡುವೆ ಒಂದು ಕಲ್ಲಿನ ದಿಮ್ಮಿ ಇಟ್ಟ ಹಾಗೆ ನಿಂತಿದೆ. ಸುತ್ತ ದುಂಡು ಬುರುಜು, ಕಿಟಕಿ ಒಂದೂ ಇಲ್ಲ. ಮೊದಲ ಸಲ ನೋಡಿದವರು ಅರಮನೆ ಅಂದುಕೊಳ್ತಾರೆ. ಕಾಕಾ ಒಂದು ಸುತ್ತು ಹಾಕಿ ಬಂದು ಹೇಳಿದ: "ಇದು ಮನಿ ಅಲ್ಲವ್ವಾ. ಕಟ್ಟಿ. ಮ್ಯಾಲ ನಿಂದರಲಾಕ ಕಟ್ಟ್ಯಾರ." ಸರಿಯಾಗಿ ಹೇಳಿದ. ಮೇಲೆ ತೋಪು ಇಡೋಕೆ, ದೂರದಿಂದ ಬರುವ ದಂಡು ನೋಡೋಕೆ ಕಟ್ಟಿದ್ದು. ನಾನು ಮೊದಲನೇ ಭಾಗದಲ್ಲಿ ಹೇಳಿದ ಎರಡು ಥರದಲ್ಲಿ, ನೋಡೋಕೆ ಅಂತಲೇ ಕಟ್ಟಿ ಮುಗಿಸಿದ್ದು ಇಡೀ ದಿನದಲ್ಲಿ ಇದೊಂದೇ.

ಮೆಟ್ಟಿಲು ಕಡಿದು, ಎತ್ತರ ಜಾಸ್ತಿ. ಸೀರೆ ಉಟ್ಟವರು, ಮೊಣಕಾಲು ನೋವಿನವರು ನಿಧಾನ. ಕಾಕಾ ಎರಡು ಕಡೆ ಕೂತ. ಅವನ ಮೊಣಕಾಲು ಪುಣೆಯಲ್ಲೇ ಹೋಗಿದೆ.

ಮೇಲೆ ಹಳೇ ತೋಪುಗಳಿವೆ. (ಕೋಟೆಯ ಫೇಮಸ್ ತೋಪು ಬಾರಾ ಗಜಿ, 29 ಅಡಿ ಉದ್ದ. ಹನ್ನೆರಡು ಗಜದ್ದು ಅಂತ ಹೆಸರೇ ಅಳತೆ ಹೇಳುತ್ತದೆ. ಅದನ್ನೂ ನೋಡದೆ ಬರಬೇಡಿ.) ಅಲ್ಲಿಂದ ಒಂದು ಕಡೆ ಮಸೀದಿಯ ಗುಮ್ಮಟಗಳು ಕಾಣುತ್ತವೆ. ಕೆಳಗೆ ನಿಂತರೆ ದೊಡ್ಡ ಗುಮ್ಮಟವೇ ಕಣ್ಣು ತುಂಬುತ್ತದೆ, ಮೇಲಿನಿಂದ ನೋಡಿದಾಗ ಮಾತ್ರ ಅದರ ಹಿಂದೆ ಎಷ್ಟು ಮರಿ ಗುಮ್ಮಟಗಳಿವೆ ಅಂತ ಗೊತ್ತಾಗುತ್ತದೆ. ಬೋರಲು ಹಾಕಿದ ಬೋಗುಣಿಗಳ ಸಂತೆ. ಉಳಿದ ಕಡೆ ಊರು. ನೀರಿನ ಟ್ಯಾಂಕ್, ಟವರ್, ಬಣ್ಣಬಣ್ಣದ ಮನೆ, ಅದರಾಚೆ ಸಪಾಟು ನೆಲ. ಆಕಾಶ ತಾಗುವ ಗೆರೆ ಎಲ್ಲಿಯೂ ಮುರಿಯೋದಿಲ್ಲ. ದಂಡು ಬಂದಿದ್ದರೆ ಒಂದು ದಿನ ಮೊದಲೇ ಧೂಳು ಕಂಡಿರಬೇಕು.

ಕಾಕಾ ಬಹಳ ಹೊತ್ತು ನಿಂತಿದ್ದ. "ನಮ್ಮ ರೋಡ್ ಯಾವ ಕಡಿ?" ಅಂದ. ಅಫಜಲಪುರದ ಕಡೆ ಕೈ ತೋರಿಸಿದೆ.

ಪುಣೆಯಲ್ಲಿ ಅವನು ಇಪ್ಪತ್ತೆರಡನೇ ಮಜಲಾದವರೆಗೆ ಕೆಲಸ ಮಾಡಿದ್ದಾನೆ. ಅಷ್ಟು ಮೇಲಿಂದ ಊರು ಹೆಂಗ ಕಾಣ್ತದ ಅಂತ ಕೇಳಿದೆ. "ಮಸ್ತ್ ಕಾಣ್ತದ. ಗ್ವಾಡಿ ಎಬ್ಬಿಸೋತನಾ ಕಾಣ್ತದ" ಅಂದ. ಒಂದು ಬಿಲ್ಡಿಂಗ್ ಮುಗಿದ ವರ್ಷ ಜೊತೆಗಾರನಿಗೆ ತೋರಿಸೋಣ ಅಂತ ಹೋಗಿದ್ದನಂತೆ. ಗೇಟಿನಲ್ಲಿ ವಾಚ್‌ಮನ್ ಯಾರ ಮನೆಗೆ ಅಂತ ಕೇಳಿದ. ಹೇಳೋಕೆ ಮನೆ ನಂಬರ್ ಇರಲಿಲ್ಲ. ವಾಪಸ್ ಬಂದ. ಇದನ್ನು ನಗುತ್ತಲೇ ಹೇಳಿದ. ನಾನು ನಗಲಿಲ್ಲ.

ಭಾಗ 8

ಬೆಂಗಳೂರಿನವರಿಗೆ ಉಳಿದ ಮಾಹಿತಿ. ಟ್ರೈನಿನಲ್ಲಿ ಬರ್ರಿ, ಬೆಳಿಗ್ಗೆ ಇಳಿಯೋ ಹಾಗೆ. 2019ರಿಂದ ಏರ್‌ಪೋರ್ಟ್ ಕೂಡ ಅದ, ವಿಮಾನ ಇದ್ದಾಗ ರೊಕ್ಕ ಇದ್ದವರು ಊರನ್ನು ಇನ್ನೂ ಎತ್ತರದಿಂದ ನೋಡಿಕೊಂಡೇ ಇಳಿಯಬಹುದು. ಮೊದಲ ದಿನ ಮೇಲಿನ ಸುತ್ತು. ಎರಡನೇ ದಿನ ಯಾವುದಾದರೂ ಒಂದೇ ದಿಕ್ಕು ಹಿಡೀರಿ: ಜೇವರ್ಗಿ ರೋಡಿಗೆ ಫಿರೋಜಾಬಾದ್, ಅಫಜಲಪುರ ರೋಡಿಗೆ ಚೌಡಾಪುರದಿಂದ ಹೊರಳಿ ಭೀಮಾ ಅಮರ್ಜಾ ಕೂಡುವ ಗಾಣಗಾಪುರ, ಆಳಂದಕ್ಕೆ ಹೋದರೆ ಲಾಡ್ಲೆ ಮಶಾಯಕ ದರ್ಗಾ. ಮೂರನ್ನೂ ಒಂದೇ ದಿನ ಮಾಡ್ತೀವಿ ಅಂದರೆ ಮೂರೂ ಬಸ್ ಕಿಟಕಿಯಲ್ಲೇ ಮುಗೀತವ. ತೊಗರಿ ಹೂ ಬಿಟ್ಟ ಕಾಲಕ್ಕೆ, ನವೆಂಬರ್ ಆಸುಪಾಸು, ಬಂದರೆ ರೋಡಿನ ಎರಡೂ ಕಡೆ ಹಳದಿ. ನೀರಿನ ಬಾಟಲಿ, ಟೋಪಿ, ಗಟ್ಟಿ ಚಪ್ಪಲಿ.

ಕೋಟೆಯಿಂದ ಇಳಿಯೋ ಮೊದಲು ಕಾಕಾ ಫೋನ್ ತೆಗೆದು ಪುಣೆಗೆ ವೀಡಿಯೊ ಕಾಲ್ ಹಚ್ಚಿದ. ಜೊತೆಗಾರ ಆ ಹೊತ್ತಿಗೆ ಸೈಟಿನಲ್ಲೇ ಇದ್ದ, ಹಿಂದೆ ಪರಾಂಚಿ ಕಾಣ್ತಿತ್ತು. ಕಾಕಾ ಫೋನನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ಮಸೀದಿ, ತೋಪು, ಊರು, ನಮ್ಮ ರೋಡ್ ಎಲ್ಲ ತೋರಿಸಿದ.

"ಏ, ಎಷ್ಟನೇ ಮಜಲಾದಾಗ ಇದ್ದೀಲೇ?" ಅಂತ ಆ ಕಡೆಯಿಂದ ಕೇಳಿತು.

"ಮಜಲಾ ಇಲ್ಲೋ" ಅಂದ ಕಾಕಾ. "ಬರೇ ಮ್ಯಾಲ."